ಒಂದೇ ಗೆರೆ ಬಂದ ಕಾರ್ಡು: ಚಳ್ಳಕೆರೆ ಸೀಮೆಯ ಕುರಿ ಮಂದೆಯಲ್ಲಿ ಪಿಪಿಆರ್ ಪತ್ತೆಯ ಪ್ರಕರಣ ಅಧ್ಯಯನ

"ಕಾರ್ಡಲ್ಲಿ ಒಂದೇ ಗೆರೆ ಬಂತಂತೆ, ಏನೂ ಇಲ್ವಂತೆ." ನಾಯಕನಹಟ್ಟಿ ಜಾತ್ರೆ ಮುಗಿದ ಮೇಲಿನ ದಿನಗಳಲ್ಲಿ ಒಂದು ಹಟ್ಟಿಯಿಂದ ಅಕ್ಕಪಕ್ಕದ ಹಟ್ಟಿಗಳಿಗೆ ಹೋದ ಸುದ್ದಿ ಇಷ್ಟೇ. ಆ ಮಾತನ್ನು ನಂಬಿ ಮಂದೆಯನ್ನು ಮತ್ತೆ ಊರ ಗೋಕಟ್ಟೆಗೆ ಬಿಟ್ಟರು. ನಾಲ್ಕು ದಿನ ಕಳೆಯುವಷ್ಟರಲ್ಲಿ ಇನ್ನೂ ಏಳು ಜೀವ ಹೋಗಿದ್ದವು. ಪಿಪಿಆರ್ ಎಂಬ ಕುರಿ ಆಡುಗಳ ವೈರಾಣು ಬೇನೆಯನ್ನು ರೊಪ್ಪದಲ್ಲೇ ಪತ್ತೆ ಮಾಡುವ ಆ ಪರೀಕ್ಷಾ ಕಾರ್ಡು ಹೇಳಿದ್ದೇನು, ಹೇಳದೆ ಉಳಿದದ್ದೇನು ಎಂಬುದೇ ಈ ಬರಹದ ವಿಷಯ.

ಇದು ಯಾವುದೋ ಒಂದು ಮಂದೆಯ ದಾಖಲೆಯ ನಕಲಲ್ಲ. ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮುರು ಕಡೆಯ ಮಂದೆಗಳಲ್ಲಿ ಎದುರಾಗುವಂಥ ಸನ್ನಿವೇಶಗಳನ್ನು ಒಂದೆಡೆ ಕೂಡಿಸಿ ಕಟ್ಟಿದ ಪ್ರಕರಣ. ಆದ್ದರಿಂದ ತಲೆಲೆಕ್ಕ, ದಿನಗಳ ಲೆಕ್ಕ ಈ ಕಟ್ಟಿದ ಮಂದೆಯದು. ವೈರಾಣು, ಕಾರ್ಡು ಮತ್ತು ಪ್ರಯೋಗಾಲಯದ ಸಂಗತಿಗಳು ಮಾತ್ರ ಎಲ್ಲ ಕಡೆಗೂ ಸಲ್ಲುವಂಥವು.

ಮಂದೆ

ಮೂರು ಮನೆಯವರ ಕುರಿಗಳು ಸೇರಿದ ಮಂದೆ. 212 ಕುರಿ, ಹೆಚ್ಚಿನವು ಬಳ್ಳಾರಿ ತಳಿಯವು. ಜೊತೆಗೆ 16 ಆಡು. ಭತ್ತದ ಕೊಯ್ಲಾದ ಮೇಲೆ ದಾವಣಗೆರೆ ಜಿಲ್ಲೆಯ ಭದ್ರಾ ನಾಲೆಯ ಗದ್ದೆ ಬಯಲಿಗೆ ಹೋಗಿ ಕೂಳೆ ಮೇಯಿಸಿ, ರಾತ್ರಿ ಗದ್ದೆಯಲ್ಲೇ ಮಂದೆ ನಿಲ್ಲಿಸಿ ಗೊಬ್ಬರದ ದುಡ್ಡು ಪಡೆದು, ಎರಡನೇ ಬೆಳೆಗೆ ನೀರು ಬಿಡುವ ಹೊತ್ತಿಗೆ ಊರಿಗೆ ಮರಳಿತ್ತು. ದೊಡ್ಡ ಕುರಿಗಳಿಗೆ ಎರಡು ವರ್ಷದ ಹಿಂದೆ ಪಿಪಿಆರ್ ಲಸಿಕೆ ಆಗಿತ್ತು. ಆಮೇಲೆ ಹುಟ್ಟಿದ ಮರಿಗಳಿಗೆ ಆಗಿರಲಿಲ್ಲ. ಮೇಲಿನ 16 ಆಡುಗಳಲ್ಲಿ ಐದು, ಜೊತೆಗೆ ನಾಲ್ಕು ಕುರಿಮರಿ ಸಂತೆಯಲ್ಲಿ ಕೊಂಡು ತಂದವು. ಅವನ್ನು ಅದೇ ಸಂಜೆ ಹಳೆಯವುಗಳ ಜೊತೆ ಒಂದೇ ರೊಪ್ಪಕ್ಕೆ ಹಾಕಿದರು. ಆ ದಿನವನ್ನು ಇಲ್ಲಿ ಮೊದಲ ದಿನ ಎಂದು ಎಣಿಸಿದ್ದೇವೆ.

ಐದನೇ ದಿನ ಸಂತೆಯ ಒಂದು ಆಡಿಗೆ ಕಣ್ಣಲ್ಲಿ ನೀರು, ಮೂಗಲ್ಲಿ ಸಿಂಬಳ. ಎಂಟನೇ ದಿನಕ್ಕೆ ಅಂಥವು ಮೂರಾದವು. "ಗದ್ದೆ ಥಂಡಿ, ನೆಗಡಿ ಅಷ್ಟೇ" ಎಂದು ಔಷಧಿ ಅಂಗಡಿಯಿಂದ ಆಂಟಿಬಯಾಟಿಕ್ ತಂದು ಚುಚ್ಚಿದರು. ಹನ್ನೊಂದನೇ ದಿನ ಒಂದು ಆಡು ಸತ್ತಿತು, ಮಾರನೆಯ ದಿನ ಇನ್ನೊಂದು. ಹದಿಮೂರನೇ ದಿನ ಪಶು ವೈದ್ಯರು ಬರುವ ಹೊತ್ತಿಗೆ ಆರು ಮರಿಗಳು ಉಚ್ಚಿಕೊಳ್ಳುತ್ತಿದ್ದವು.

ಪಿಪಿಆರ್ ವೈರಾಣು ಮನುಷ್ಯರ ದಡಾರದ ವೈರಾಣುವಿಗೂ 2011ರಲ್ಲಿ ಭೂಮಿಯಿಂದಲೇ ಅಳಿದುಹೋಯಿತೆಂದು ಘೋಷಿಸಲಾದ ದನಗಳ ದೊಡ್ಡರೋಗದ ವೈರಾಣುವಿಗೂ ದಾಯಾದಿ. ಮನುಷ್ಯರಿಗೆ ತಗಲುವುದಿಲ್ಲ, ಆದರೆ ಲಸಿಕೆ ಕಾಣದ ಮರಿ ಮತ್ತು ಆಡುಗಳನ್ನು ಸಾಲಾಗಿ ಮಲಗಿಸುತ್ತದೆ. ಮೊದಲು ಗುರುತಿಸಿದ್ದು 1942ರಲ್ಲಿ, ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್‌ನಲ್ಲಿ. ನಮ್ಮ ದೇಶದಲ್ಲಿ ಕಂಡದ್ದು 1987ರಲ್ಲಿ, ತಮಿಳುನಾಡಿನ ಅರಸೂರಿನಲ್ಲಿ. 2030ರೊಳಗೆ ಇದನ್ನೂ ಜಗತ್ತಿನಿಂದ ತೊಲಗಿಸಬೇಕೆಂಬ ಗುರಿಯಿದೆ. ವೈರಾಣು ಹೊಕ್ಕ ನಾಲ್ಕರಿಂದ ಆರು ದಿನಕ್ಕೆ ಸಾಮಾನ್ಯವಾಗಿ ಜ್ವರ ಬರುತ್ತದೆ, ಅಂದರೆ ಐದನೇ ದಿನ ಕಣ್ಣಲ್ಲಿ ನೀರು ಸುರಿಸಿದ ಆಡು ಸಂತೆಯಲ್ಲೋ ಅದಕ್ಕೂ ಮೊದಲೋ ಸೋಂಕು ಹತ್ತಿಸಿಕೊಂಡಿತ್ತು. ಗದ್ದೆಯ ಥಂಡಿಗೂ ಇದಕ್ಕೂ ಸಂಬಂಧವಿಲ್ಲ.

ಕಾರ್ಡಿನ ಒಳಗೆ

ವೈದ್ಯರ ಬ್ಯಾಗಿನಲ್ಲಿದ್ದದ್ದು ಹತ್ತು ಕಾರ್ಡಿನ ಪೆಟ್ಟಿಗೆ. ಬಸಿರು ನೋಡುವ ಕಾರ್ಡು, ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ಕಾರ್ಡು, ಎಲ್ಲವೂ ಒಂದೇ ವಂಶ. ಪ್ರತಿಕಾಯ ಎಂಬ ಪ್ರೊಟೀನು ತನಗೆ ಹೊಂದುವ ವೈರಾಣುವಿನ ತುಣುಕನ್ನು ಹಿಡಿಯುತ್ತದೆ, ಹಿಡಿದದ್ದನ್ನು ಕಣ್ಣಿಗೆ ಕಾಣುವ ಗುರುತಾಗಿ ಬದಲಿಸುವ ಏರ್ಪಾಡು ಜೊತೆಗಿರುತ್ತದೆ. ಪ್ರತಿಕಾಯ ಬಳಸುವ ಬಯೋಸೆನ್ಸರ್ ಎಂದರೆ ಮೂಲದಲ್ಲಿ ಇಷ್ಟೇ. ಕೆಲವದರಲ್ಲಿ ಗುರುತು ವಿದ್ಯುತ್ತಿನ ಏರಿಳಿತವಾಗಿ ಬರುತ್ತದೆ, ಕೆಲವದರಲ್ಲಿ ಬೆಳಕಿನ ಕೋನದ ಬದಲಾವಣೆಯಾಗಿ; ಇಲ್ಲಿ ಕೆಂಪು ಗೆರೆಯಾಗಿ.

ಪ್ಲಾಸ್ಟಿಕ್ ಕವಚ ಬಿಚ್ಚಿದರೆ ಒಳಗೆ ಸುಮಾರು 6 ಸೆಂ.ಮೀ. ಉದ್ದ, 4 ಮಿ.ಮೀ. ಅಗಲದ ಪಟ್ಟಿ. ಒಂದರ ಮೇಲೊಂದು ತುಸು ಏರಿ ಕುಳಿತ ನಾಲ್ಕು ತುಂಡುಗಳು. ಹನಿ ಬೀಳುವ ಮೆತ್ತೆ. ಅದರ ಪಕ್ಕ ಚಿನ್ನದ ಕಣಗಳನ್ನು ಒಣಗಿಸಿಟ್ಟ ಮೆತ್ತೆ. ಆಮೇಲೆ ನೈಟ್ರೋಸೆಲ್ಯುಲೋಸ್ ಪೊರೆ. ಕೊನೆಯಲ್ಲಿ ನೀರನ್ನು ಎಳೆದುಕೊಳ್ಳುವ ದಪ್ಪ ಮೆತ್ತೆ. ಚಿನ್ನದ ಕಣ ಸುಮಾರು 40 ನ್ಯಾನೋಮೀಟರಿನದು, ಒಂದು ಮಿಲಿಮೀಟರನ್ನು 25,000 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಅಷ್ಟು ಚಿಕ್ಕದಾದಾಗ ಚಿನ್ನ ಹಳದಿಯಾಗಿ ಕಾಣುವುದಿಲ್ಲ, ಕೆಂಪಾಗಿ ಕಾಣುತ್ತದೆ. ಪ್ರತಿ ಕಣದ ಮೈಗೂ ವೈರಾಣುವಿನ ಎಚ್ ಪ್ರೊಟೀನನ್ನು ಹಿಡಿಯುವ ಇಲಿ ಮೂಲದ ಪ್ರತಿಕಾಯ ಅಂಟಿಸಿರುತ್ತದೆ. ಅಂಥದೇ ಪ್ರತಿಕಾಯವನ್ನು ಪೊರೆಯ ಮೇಲೆ ಕೂದಲೆಳೆಯಂತೆ ಎಳೆದದ್ದೇ ಟಿ ಗೆರೆ. ಆ ಗೆರೆಯಲ್ಲಿರುವ ಪ್ರತಿಕಾಯ ಒಂದು ಮೈಕ್ರೋಗ್ರಾಮಿಗಿಂತ ಕಡಿಮೆ ಎಂದರೆ, ಅದು ಹಾಳಾಗಲು ಎಷ್ಟು ಹೊತ್ತು ಬೇಕೆಂದು ಊಹಿಸಬಹುದು.

ವೈರಾಣುವಿನ ಮೈತುಂಬ ಎಚ್ ಪ್ರೊಟೀನಿನ ಮುಳ್ಳುಗಳಿರುವುದರಿಂದ ಒಂದು ಮುಳ್ಳನ್ನು ಚಿನ್ನದ ಕಣ ಹಿಡಿದರೂ ಇನ್ನೊಂದನ್ನು ಟಿ ಗೆರೆ ಹಿಡಿಯಬಲ್ಲದು. ಕಣಗಳು ಅಲ್ಲಿ ಗುಂಪಾಗಿ ನಿಂತಾಗ ಗೆರೆ ಕೆಂಪಾಗುತ್ತದೆ.

ಇನ್ನು ಸಿ ಗೆರೆ. ಈ ಪ್ರಕರಣದ ಗಂಟು ಬಿದ್ದದ್ದೇ ಇಲ್ಲಿ. ಸಿ ಗೆರೆಯಲ್ಲಿರುವುದು ಇಲಿಯ ಪ್ರತಿಕಾಯವನ್ನು ಹಿಡಿಯುವ ಬೇರೊಂದು ಪ್ರತಿಕಾಯ. ಚಿನ್ನದ ಕಣ ಹರಿದು ಬಂದರೆ ಸಾಕು, ವೈರಾಣು ಇರಲಿ ಬಿಡಲಿ ಅದು ಕೆಂಪಾಗುತ್ತದೆ. ಬರೀ ಬಫರ್ (ಮಾದರಿಯನ್ನು ಕದಡಲು ಕಿಟ್ ಜೊತೆ ಬರುವ ದ್ರವ) ಹಾಕಿದರೂ ಸಿ ಗೆರೆ ಬರುತ್ತದೆ. ಅಂದರೆ ಸಿ ಗೆರೆ "ನೀರು ಹರಿದಿದೆ, ಚಿನ್ನ ಬಂದಿದೆ" ಎಂದು ಮಾತ್ರ ಹೇಳುತ್ತದೆ. ಕಡ್ಡಿಗೆ ಕಣ್ಣಿನ ಜೀವಕೋಶ ಅಂಟಿತ್ತೇ, ಸರಿಯಾದ ಕುರಿಯನ್ನು ಹಿಡಿದಿದ್ದಿರೇ, ಟಿ ಗೆರೆಯ ಪ್ರತಿಕಾಯ ಇನ್ನೂ ಚೆನ್ನಾಗಿದೆಯೇ ಎಂಬ ಮೂರು ಪ್ರಶ್ನೆಗೂ ಅದರಲ್ಲಿ ಉತ್ತರವಿಲ್ಲ. ಕಿಟ್ ಜೊತೆ ಬರುವ ಚೀಟಿಯಲ್ಲಿ "ಸಿ ಗೆರೆ ಬಂದರೆ ಪರೀಕ್ಷೆ ಸಿಂಧು" ಎಂದು ಬರೆದಿರುತ್ತದೆ. ಆ ಮಾತು ತಪ್ಪಲ್ಲ, ಆದರೆ ಓದುವವರು ಅದಕ್ಕಿಂತ ಹೆಚ್ಚನ್ನು ಓದಿಕೊಳ್ಳುತ್ತಾರೆ.

ಹದಿಮೂರನೇ ದಿನದ ಪರೀಕ್ಷೆ

ಬಿಸಿಲು ಏರಿದ ಹೊತ್ತು. ದೊಡ್ಡ ಮಂದೆ ಮೇಯಲು ಹೋಗಿತ್ತು. ರೊಪ್ಪದ ನೆರಳಲ್ಲಿ ಉಳಿದದ್ದು ನಡೆಯಲಾರದವು ಮಾತ್ರ. ಅವುಗಳಲ್ಲಿ ಎರಡನ್ನು ಹಿಡಿದರು: ಐದನೇ ದಿನವೇ ಕಾಯಿಲೆ ಬಿದ್ದಿದ್ದ ಆಡು, ಆರನೇ ದಿನ ಬಿದ್ದಿದ್ದ ಇನ್ನೊಂದು. ಎರಡರ ಮೂಗಿನ ಸುತ್ತಲೂ ಒಣಗಿದ ಹಕ್ಕಳೆ. ಮೂಗಿನ ಹೊಳ್ಳೆಯಿಂದ ಗಟ್ಟಿ ಸಿಂಬಳವನ್ನು ಕಡ್ಡಿಗೆ ಹತ್ತಿಸಿ, ಬಫರಿನಲ್ಲಿ ಅಲುಗಾಡಿಸಿ, ಮೂರು ಹನಿ ಹಾಕಿದರು. ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಕಿಟಕಿ ದಾಟಬೇಕಾದ ಗುಲಾಬಿ ಅಲೆ ಒಂದು ಕಾರ್ಡಿನಲ್ಲಿ ಅರ್ಧಕ್ಕೇ ನಿಂತು, ಆಮೇಲೆ ತೆವಳುತ್ತಾ ಸಾಗಿತು. ಸಿಂಬಳದ ಲೋಳೆ ಮೊದಲ ಮೆತ್ತೆಯ ರಂಧ್ರ ಮುಚ್ಚಿದರೆ ಹೀಗಾಗುತ್ತದೆ. ಎರಡೂ ಕಾರ್ಡಿನಲ್ಲಿ ಸಿ ಗೆರೆ ದಟ್ಟವಾಗಿ ಬಂತು, ಟಿ ಗೆರೆ ಬರಲಿಲ್ಲ.

ಸತ್ತ ಆಡಿನ ಶ್ವಾಸಕೋಶದ ಮುಂಭಾಗ ಕಂದು ನೇರಳೆ ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು. ಅದನ್ನೂ ಕಾರ್ಡನ್ನೂ ಕೂಡಿಸಿ "ಗಂಟಲು ಬೇನೆ, ಬ್ಯಾಕ್ಟೀರಿಯಾದ ನ್ಯುಮೋನಿಯ" ಎಂದು ತೀರ್ಮಾನವಾಯಿತು. ಈ ತೀರ್ಮಾನ ಪೂರ್ತಿ ಸುಳ್ಳೂ ಅಲ್ಲ. ದಡಾರದಂತೆಯೇ ಪಿಪಿಆರ್ ಕೂಡ ಪ್ರಾಣಿಯ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ; ಮೂಗು ಗಂಟಲಲ್ಲಿ ಸುಮ್ಮನಿದ್ದ ಪಾಶ್ಚುರೆಲ್ಲ ಜಾತಿಯ ಬ್ಯಾಕ್ಟೀರಿಯ ಶ್ವಾಸಕೋಶಕ್ಕೆ ಇಳಿಯುತ್ತದೆ. ಶ್ವಾಸಕೋಶದಲ್ಲಿ ಬ್ಯಾಕ್ಟೀರಿಯ ಸಿಕ್ಕಿತೆಂದರೆ ವೈರಾಣು ಇಲ್ಲವೆಂದು ಅರ್ಥವಲ್ಲ. ಇದೇ ತಾಲ್ಲೂಕುಗಳಲ್ಲಿ ನೀಲಿ ನಾಲಿಗೆ, ಸಿಡುಬು, ಕರುಳು ಬೇನೆ, ಬಾಯಿ ಹುಣ್ಣಿನ ಆರ್ಫ್ ಎಲ್ಲವೂ ಕಾಣುವುದರಿಂದ ಗೊಂದಲ ಸಹಜವೂ ಹೌದು. ಕಾಲಿನ ಗೊರಸಿನ ಮೇಲಂಚು ಕೆಂಪಾಗಿ ಕುಂಟುತ್ತಿದ್ದರೆ, ಮುಖ ಊದಿದ್ದರೆ ನೀಲಿ ನಾಲಿಗೆಯತ್ತ ಯೋಚಿಸಬೇಕು. ಅದು ನೊರಜಿನಂಥ ಸಣ್ಣ ಕೀಟದಿಂದ ಹರಡುತ್ತದೆ, ಮೈಗೆ ಮೈ ತಾಗಿ ಅಲ್ಲ. ಇಲ್ಲಿ ಕುಂಟು ಇರಲಿಲ್ಲ. ಸಂತೆಯ ಆಡುಗಳಾದ ಮೇಲೆ ಅವುಗಳ ಪಕ್ಕ ಮಲಗುತ್ತಿದ್ದ ಮರಿಗಳೇ ಮೊದಲು ಬಿದ್ದಿದ್ದವು.

ಬಳಸಿದ ಕಡ್ಡಿಗಳನ್ನು ಕಸದ ಜೊತೆ ಸುಟ್ಟರು. ಉಳಿದ ಬಫರನ್ನೂ ಚೆಲ್ಲಿದರು. ತಪ್ಪು ಫಲಿತಾಂಶಕ್ಕಿಂತ ದೊಡ್ಡ ನಷ್ಟ ಇದು ಎನ್ನಬೇಕು, ಏಕೆಂದರೆ ಆ 13ನೇ ದಿನದ ದ್ರವ ಐಸ್ ಮೇಲೆ ಉಳಿದಿದ್ದರೆ ವೈರಾಣುವಿನ ಜೀನನ್ನೇ ಹುಡುಕುವ ಪ್ರಯೋಗಾಲಯದ ಪಿಸಿಆರ್ ಪರೀಕ್ಷೆ ಎರಡೇ ದಿನದಲ್ಲಿ ಉತ್ತರ ಕೊಡುತ್ತಿತ್ತು.

ಹದಿನೇಳನೇ ದಿನ

ಈ ಬಾರಿ ಬೆಳಗಿನ ಐದೂವರೆಗೆ, ರೊಪ್ಪದ ಬಾಗಿಲು ತೆಗೆಯುವ ಮುನ್ನ ಕೆಲಸ ಶುರುವಾಯಿತು. ಕಾರಣ ಎರಡು. ಮಂದೆ ಪೂರ್ತಿ ಒಳಗಿರುತ್ತದೆ. ಎರಡನೆಯದು ಥರ್ಮಾಮೀಟರು. ಕುರಿಯ ಸಹಜ ತಾಪ 39 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು. ಮಾರ್ಚಿನ ಮಧ್ಯಾಹ್ನ ಉಣ್ಣೆ ಹೊತ್ತು ಬಿಸಿಲಲ್ಲಿ ನಿಂತ ಆರೋಗ್ಯವಂತ ಕುರಿಯೂ 40 ತೋರಿಸಬಹುದು. ತಂಪು ಹೊತ್ತಿನಲ್ಲಿ 40.5 ಇದ್ದರೆ ಅದು ಜ್ವರವೇ.

"ಯಜಮಾನ್ರೇ, ಸಾಯೋ ಹಂಗಿರೋವು ಬ್ಯಾಡ. ನಿನ್ನೆ ಮೊನ್ನೆ ಮೇವು ಬಿಟ್ಟಿರೋವನ್ನ ತೋರಿಸ್ರಿ" ಎಂದಾಗ ಹಿರಿಯ ಕುರಿಗಾಹಿಗೆ ಮೊದಲು ಅಚ್ಚರಿಯಾಯಿತು. ಆದರೆ ಯಾವ ಕುರಿ ಯಾವಾಗ ಮೇವು ಬಿಟ್ಟಿತು ಎಂಬ ಲೆಕ್ಕ ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರುವುದಿಲ್ಲ. ಹದಿನಾಲ್ಕನ್ನು ಬೆರಳು ಮಾಡಿ ತೋರಿಸಿದರು. ಎಲ್ಲಕ್ಕೂ ಗುದದಲ್ಲಿ ಥರ್ಮಾಮೀಟರು ಇಟ್ಟು ನೋಡಿ, 40.5ಕ್ಕೆ ಮೇಲಿದ್ದು, ಕಣ್ಣಲ್ಲಿ ತಿಳಿನೀರಿದ್ದು, ಇನ್ನೂ ಭೇದಿ ಶುರುವಾಗದ ಆರನ್ನು ಆರಿಸಿದರು. ನಾಲ್ಕು ಮರಿ, ಎರಡು ಆಡು.

ಮಾದರಿ ತೆಗೆಯುವುದು ಕಣ್ಣಿನಿಂದ, ಆದರೆ ಕಣ್ಣೀರನ್ನಲ್ಲ. ಒಬ್ಬರು ಮರಿಯನ್ನು ಮೊಣಕಾಲ ಸಂದಿಯಲ್ಲಿ ಹಿಡಿದು ತಲೆ ಒರಗಿಸಿಕೊಂಡರು. ಇನ್ನೊಬ್ಬರು ಹೆಬ್ಬೆರಳಿಂದ ಕೆಳರೆಪ್ಪೆ ಕೆಳಗೆಳೆದು, ರೆಪ್ಪೆಯ ಒಳಗಿನ ಕೆಂಪು ಪೊರೆಯ ಮೇಲೆ ಪಾಲಿಯೆಸ್ಟರ್ ತುದಿಯ ಕಡ್ಡಿಯನ್ನು ಮಲಗಿಸಿ ನಾಲ್ಕೈದು ಸುತ್ತು ಹೊರಳಿಸಿದರು. ಕಡ್ಡಿಯ ತುದಿ ಒದ್ದೆಯಾದರೆ ಸಾಲದು, ತುಸು ಗುಲಾಬಿಯಾಗಿ ಮಾಸಲಾಗಬೇಕು. ಆಗ ಜೀವಕೋಶ ಬಂದಿದೆ ಎಂದು. ವೈರಾಣು ಬೆಳೆಯುವುದು ಆ ಪೊರೆಯ ಕೋಶಗಳಲ್ಲಿ. ರಕ್ತ ಬರುವಷ್ಟು ಉಜ್ಜಬಾರದು, ರಕ್ತದ ಕೆಂಪು ಪೊರೆಯ ಹಿನ್ನೆಲೆಯನ್ನೇ ಕೆಂಪಾಗಿಸಿ ತೆಳುಗೆರೆಯನ್ನು ನುಂಗುತ್ತದೆ. ಬಲಗಣ್ಣಿನ ಕಡ್ಡಿ ಕಾರ್ಡಿಗೆ. ಎಡಗಣ್ಣಿನದು ಪ್ರಯೋಗಾಲಯಕ್ಕೆ, 1 ಮಿ.ಲೀ. ಸಾಗಣೆ ದ್ರವವಿದ್ದ ಮುಚ್ಚಳದ ನಳಿಕೆಯಲ್ಲಿ, ನೇರ ಐಸ್ ಪೆಟ್ಟಿಗೆಗೆ.

ಬಫರ್ ಕಿಟ್ಟಿನದೇ ಆಗಬೇಕು. ನಲ್ಲಿ ನೀರು, ಸಲೈನು ಹಾಕಿ ನೋಡುವ ಅಭ್ಯಾಸ ಅಲ್ಲಲ್ಲಿ ಇದೆ. ಬಫರಿನಲ್ಲಿರುವ ಸಾಬೂನಿನಂಥ ವಸ್ತು ಕೋಶವನ್ನು ಒಡೆದು ಒಳಗಿನದನ್ನು ಹೊರಬಿಡುತ್ತದೆ, ಅದರ ಲವಣ ಮತ್ತು ಪಿಎಚ್ ಚಿನ್ನದ ಕಣಗಳು ಒಂದಕ್ಕೊಂದು ಅಂಟಿ ಗರಣೆಗಟ್ಟದಂತೆ ತಡೆಯುತ್ತವೆ. ಫ್ರಿಜ್ಜಿನಿಂದ ತೆಗೆದ ಕಾರ್ಡು ಮತ್ತು ಬಫರನ್ನು ಪೊಟ್ಟಣ ಒಡೆಯದೆ ಅರ್ಧ ಗಂಟೆ ಹೊರಗಿಟ್ಟರು. ತಣ್ಣಗಿನ ಕಾರ್ಡನ್ನು ಥಟ್ಟನೆ ಬಿಚ್ಚಿದರೆ ಗಾಳಿಯ ತೇವ ಪೊರೆಯ ಮೇಲೆ ಕೂರುತ್ತದೆ. ಪೊಟ್ಟಣದೊಳಗಿನ ಸಿಲಿಕಾ ಚೀಟಿಯ ಕಾಳುಗಳು ಬಣ್ಣ ಬದಲಿಸಿದ್ದರೆ ಆ ಕಾರ್ಡನ್ನೇ ಬಿಡಬೇಕು. ಸಮತಟ್ಟಾದ ತಗಡಿನ ಮೇಲೆ ಕಾರ್ಡು ಸಾಲಾಗಿಟ್ಟು, ಪ್ರತಿಯೊಂದರ ಮೇಲೂ ಕುರಿಯ ಕಿವಿಯೋಲೆಯ ಕೊನೆಯ ನಾಲ್ಕು ಅಂಕಿ, ಹನಿ ಹಾಕಿದ ಗಳಿಗೆ ಬರೆದರು. ಓಲೆಯಿಲ್ಲದ ಮರಿಗಳಿಗೆ ಬೆನ್ನ ಮೇಲೆ ಬಣ್ಣದ ಗುರುತು. ಹತ್ತನೇ ನಿಮಿಷಕ್ಕೊಂದು, ಇಪ್ಪತ್ತನೇ ನಿಮಿಷಕ್ಕೊಂದು ಫೋಟೊ.

ಆರರಲ್ಲಿ ಐದಕ್ಕೆ ಟಿ ಗೆರೆ ಬಂತು. ಮೂರಕ್ಕೆ ಐದೇ ನಿಮಿಷದಲ್ಲಿ, ಇನ್ನೆರಡಕ್ಕೆ ತೆಳುವಾಗಿ. ಆರನೆಯದು ಇಪ್ಪತ್ತು ನಿಮಿಷವಾದರೂ ಖಾಲಿ. ತಗಡಿನ ಮೇಲೆಯೇ ಮರೆತಿದ್ದ ಆ ಕಾರ್ಡಿನಲ್ಲಿ ಗಂಟೆಯ ಮೇಲೆ ಬೂದು ಬಣ್ಣದ ಗೆರೆಯ ನೆರಳು ಕಂಡಿತು. ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಪೊರೆ ಒಣಗುವಾಗ ಕೊನೆಯ ಮೆತ್ತೆಯಿಂದ ದ್ರವ ಹಿಂದಕ್ಕೆ ಹರಿದು ಇಂಥ ನೆರಳು ಬೀಳುತ್ತದೆ.

ಈ ದಿನ ಬಳಸಿದ ಎರಡನೇ ಪೆಟ್ಟಿಗೆಯ ಕಾರ್ಡುಗಳು ಫ್ರಿಜ್ಜಿನಲ್ಲಿದ್ದವು. ಮೊದಲ ಪೆಟ್ಟಿಗೆಯ ಬ್ಯಾಚು ಸಂಖ್ಯೆಯೇ ಇದಕ್ಕೂ ಇತ್ತು. ಮೊದಲ ಪೆಟ್ಟಿಗೆ ಮೂರು ವಾರದಿಂದ ಜೀಪಿನ ಗಾಜಿನ ಹಿಂದಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲುಣ್ಣುತ್ತಿತ್ತು. ಪೆಟ್ಟಿಗೆಯ ಮೇಲೆ 30 ಡಿಗ್ರಿ ದಾಟಬಾರದೆಂದು ಅಚ್ಚಾಗಿದೆ. ಮುಚ್ಚಿದ ವಾಹನದೊಳಗೆ ಆ ಜಾಗ ಹೊರಗಿನ ಬಿಸಿಲಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಹೀಗಾಗಿ ಒಂದು ಚಿಕ್ಕ ಪರೀಕ್ಷೆ ಮಾಡಿದರು: ಅತಿ ದಟ್ಟ ಗೆರೆ ಕೊಟ್ಟ ಮರಿಯ ಬಲಗಣ್ಣಿನ ಕಡ್ಡಿ ಅದ್ದಿದ್ದ ಬಫರಿನಲ್ಲಿ ಉಳಿದ ಮೂರು ಹನಿಯನ್ನು ಜೀಪಿನ ಕಾರ್ಡೊಂದಕ್ಕೆ ಹಾಕಿದರು. ಸಿ ಗೆರೆ ಎರಡರಲ್ಲೂ ಒಂದೇ ದಟ್ಟ. ಟಿ ಗೆರೆ ಫ್ರಿಜ್ಜಿನ ಕಾರ್ಡಿನಲ್ಲಿ ದಾಸವಾಳದ ಕೆಂಪು, ಜೀಪಿನ ಕಾರ್ಡಿನಲ್ಲಿ ಬೆಳಕಿಗೆ ಓರೆಮಾಡಿ ಹಿಡಿದರೆ ಮಾತ್ರ ಕಾಣುವಷ್ಟು. ಬಿಸಿಗೆ ಟಿ ಗೆರೆ ಸೊರಗಿದರೂ ಸಿ ಗೆರೆ ಗಟ್ಟಿಯಾಗಿ ಉಳಿಯಬಹುದು ಎಂಬುದಕ್ಕೆ ಇದಕ್ಕಿಂತ ಅಗ್ಗದ ಸಾಕ್ಷಿ ಬೇಕಿಲ್ಲ.

ಮೊದಲ ಸಲ ಎಡವಿದ್ದು ಎಲ್ಲಿ

ಬಿಸಿಲುಂಡ ಕಾರ್ಡು ಒಂದು ಕಾರಣ. ಆದರೆ ನಮ್ಮ ತೂಕದಲ್ಲಿ ಅದು ಎರಡನೆಯದು. ಮೊದಲನೆಯದು ಹಿಡಿದ ಆಡುಗಳು.

ಕಾಯಿಲೆ ಬಿದ್ದು ಏಳೆಂಟು ದಿನ ಬದುಕುಳಿದ ಆಡಿನ ಮೈ ಸುಮ್ಮನೆ ಕೂತಿರುವುದಿಲ್ಲ. ತನ್ನದೇ ಪ್ರತಿಕಾಯಗಳನ್ನು ತಯಾರಿಸಿ ವೈರಾಣುವಿನ ಎಚ್ ಮುಳ್ಳುಗಳಿಗೆ ಹೊದಿಸುತ್ತದೆ. ಕಾರ್ಡಿನ ಪ್ರತಿಕಾಯ ಹಿಡಿಯಬೇಕಾದ ಜಾಗವೂ ಅದೇ. ಕುರ್ಚಿ ಆಗಲೇ ಭರ್ತಿ. ಜೊತೆಗೆ ಕಣ್ಣು ಮೂಗಿನಲ್ಲಿ ಸುರಿಯುವ ವೈರಾಣುವೂ ಇಳಿಮುಖವಾಗಿರುತ್ತದೆ. ಎರಡೂ ಕೂಡಿ, ಎಷ್ಟು ಒಳ್ಳೆಯ ಕಾರ್ಡಾದರೂ ಖಾಲಿ ಬರುತ್ತದೆ. ಹದಿನೇಳನೇ ದಿನ ಆ ಎರಡೂ ಆಡುಗಳಿಗೆ ಫ್ರಿಜ್ಜಿನ ಕಾರ್ಡು ಹಾಕಿದಾಗ ಬಂದದ್ದೂ ಖಾಲಿಯೇ; ಅವುಗಳ ರಕ್ತದ ಸೀರಮ್ಮಿನಲ್ಲಿ ಮಾತ್ರ ಪ್ರತಿಕಾಯ ಬೇಕಾದಷ್ಟಿತ್ತು. ರೊಪ್ಪದಲ್ಲಿ ಕೈಗೆ ಸುಲಭವಾಗಿ ಸಿಗುವ, ನೋಡಲು ತೀರಾ ಕೆಟ್ಟದಾಗಿ ಕಾಣುವ ಪ್ರಾಣಿಯೇ ಈ ಕಾರ್ಡಿಗೆ ಅತಿ ಕೆಟ್ಟ ಆಯ್ಕೆ. ಡಾಕ್ಟರ ಕಣ್ಣೂ ಮಾಲೀಕರ ಕಣ್ಣೂ ಹೋಗುವುದು ಅದರ ಕಡೆಗೇ.

ಮೂರನೆಯದು ಸಂಖ್ಯೆ. ಇಂಗ್ಲೆಂಡಿನ ಪರ್ಬ್ರೈಟ್ ಸಂಸ್ಥೆಯವರು ಇಂಥದೇ ಎಚ್ ಪ್ರೊಟೀನ್ ಕಾರ್ಡನ್ನು 2014ರಲ್ಲಿ ಪ್ರಕಟಿಸಿದಾಗ, ಆಫ್ರಿಕ ಮತ್ತು ಪಾಕಿಸ್ತಾನದ ಮಾದರಿಗಳ ಮೇಲೆ ಪಿಸಿಆರ್‌ಗೆ ಹೋಲಿಸಿ ಸಂವೇದನೆ ಶೇ. 84, ನಿರ್ದಿಷ್ಟತೆ ಶೇ. 95 ಎಂದು ವರದಿ ಮಾಡಿದ್ದರು. ಅದನ್ನೇ ಹಿಡಿದು ಲೆಕ್ಕ ಹಾಕೋಣ. ಸೋಂಕಿರುವ ಒಂದು ಕುರಿಯನ್ನು ಕಾರ್ಡು ಹಿಡಿಯದೆ ಬಿಡುವ ಸಂಭವ ಶೇ. 16. ಎರಡನ್ನೂ ಹಿಡಿಯದೆ ಬಿಡುವುದು ಶೇ. 2.6, ಐದನ್ನೂ ಹಿಡಿಯದೆ ಬಿಡುವುದು ಹತ್ತು ಸಾವಿರಕ್ಕೆ ಒಂದು. ಜ್ವರದ ಆರಂಭದ ಪ್ರಾಣಿಗಳಿಗೆ ಈ ಲೆಕ್ಕ ಒಪ್ಪಬಹುದು. ತಡವಾದ ಪ್ರಾಣಿಗಳಲ್ಲಿ ಸಂವೇದನೆ ಶೇ. 30ಕ್ಕೆ ಇಳಿಯಿತು ಎಂದಿಟ್ಟುಕೊಳ್ಳಿ: ಎರಡು ಕಾರ್ಡೂ ಖಾಲಿ ಬರುವ ಸಂಭವ ಶೇ. 49. ನಾಣ್ಯ ಚಿಮ್ಮಿದ ಹಾಗೆ.

ಇನ್ನೊಂದು ಮಗ್ಗುಲೂ ಇದೆ. ಶೇ. 95 ನಿರ್ದಿಷ್ಟತೆ ಎಂದರೆ ಬೇನೆಯೇ ಇಲ್ಲದ ಮಂದೆಯಲ್ಲಿ ಐದು ಕಾರ್ಡು ಹಾಕಿದರೆ ಒಂದಾದರೂ ಸುಳ್ಳು ಗೆರೆ ಬರುವ ಸಂಭವ ಸುಮಾರು ಶೇ. 23. ಎರಡು ಅಥವಾ ಹೆಚ್ಚು ಸುಳ್ಳು ಗೆರೆ ಬರುವುದು ಶೇ. 2ರ ಆಸುಪಾಸು. ಆದ್ದರಿಂದ ಐದಾರು ಕುರಿ ನೋಡಿ ಎರಡಕ್ಕೆ ಗೆರೆ ಬಂದರೆ ಮಂದೆಗೆ ಬೇನೆ ಬಂದಿದೆ ಎಂದೇ ನಡೆದುಕೊಳ್ಳುವುದು, ಒಂದಕ್ಕೆ ಮಾತ್ರ ಬಂದರೆ ಬೇರೆ ಐದನ್ನು ಹಿಡಿಯುವುದು ಒಪ್ಪುವ ಕ್ರಮ. ಈ ಲೆಕ್ಕಕ್ಕೆ ಒಂದು ಷರತ್ತಿದೆ: ಪ್ರತಿ ಕಾರ್ಡೂ ಸ್ವತಂತ್ರವಾಗಿ ತಪ್ಪಬೇಕು. ಇಡೀ ಪೆಟ್ಟಿಗೆಯೇ ಡ್ಯಾಶ್‌ಬೋರ್ಡಿನಲ್ಲಿ ಬೆಂದಿದ್ದರೆ ಐದಲ್ಲ, ಹತ್ತು ಕಾರ್ಡು ಹಾಕಿದರೂ ಒಂದೇ ತಪ್ಪು ಹತ್ತು ಸಲ ಆಗುತ್ತದೆ.

ಪ್ರಯೋಗಾಲಯ

ಐಸ್ ಪೆಟ್ಟಿಗೆ ಅದೇ ದಿನ ಸುಮಾರು 200 ಕಿ.ಮೀ. ದೂರದ ಬೆಂಗಳೂರಿಗೆ ಹೋಯಿತು. ಆರು ಕಣ್ಣಿನ ಕಡ್ಡಿ, ಎಂಟು ಸೀರಮ್, ಆ ಬೆಳಗ್ಗೆ ಸತ್ತ ಮರಿಯ ಗುಲ್ಮ, ಕರುಳಿನ ದುಗ್ಧಗ್ರಂಥಿ, ಶ್ವಾಸಕೋಶದ ತುಂಡು. ಪಿಸಿಆರ್‌ಗೆ ಹೋಗುವ ತುಂಡನ್ನು ಫಾರ್ಮಲಿನ್‌ಗೆ ಹಾಕಬಾರದು. ಹಳೆಯ ರೂಢಿಯಲ್ಲಿ ಹಾಕಿಬಿಡುವವರಿದ್ದಾರೆ. ಆ ಮರಿಯ ಹೊಟ್ಟೆ ತೆರೆದಾಗ ದೊಡ್ಡಕರುಳಿನ ಕೊನೆಯಲ್ಲಿ ಉದ್ದುದ್ದ ಕೆಂಪು ಪಟ್ಟೆಗಳು, ತುಟಿಯ ಒಳಗೆ ತೌಡು ಅಂಟಿದಂತೆ ಕಾಣುವ ಹುಣ್ಣು. ಮೊದಲ ಆಡಿನ ಶ್ವಾಸಕೋಶಕ್ಕೇ ನಿಲ್ಲಿಸದೆ ಕರುಳು ಬಿಚ್ಚಿದ್ದರೆ ಈ ಪಟ್ಟೆಗಳು ಆಗಲೇ ಸಿಗುತ್ತಿದ್ದವೇನೋ.

ಪ್ರಯೋಗಾಲಯದ ಸ್ಯಾಂಡ್‌ವಿಚ್ ಎಲೈಸಾ ಕೂಡ ಪ್ರತಿಕಾಯವನ್ನೇ ನಂಬಿದ ಪರೀಕ್ಷೆ. ಆದರೆ ಅದು ಹುಡುಕುವುದು ವೈರಾಣುವಿನ ಒಳಗಿನ ಎನ್ ಪ್ರೊಟೀನನ್ನು; ಸೋಂಕಿದ ಕೋಶದಲ್ಲಿ ಹೇರಳವಾಗಿರುವುದು ಅದೇ. ನಮ್ಮ ದೇಶದಲ್ಲಿ ಇದನ್ನೂ, ಸೀರಮ್ಮಿನ ಪ್ರತಿಕಾಯ ಅಳೆಯುವ ಸ್ಪರ್ಧಾತ್ಮಕ ಎಲೈಸಾವನ್ನೂ ರೂಪಿಸಿದವರು ಮುಕ್ತೇಶ್ವರದ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯವರು. ಪಿಸಿಆರ್ ಎನ್ ಜೀನಿನ 351 ಅಕ್ಷರದ ತುಂಡನ್ನು ಹಿಗ್ಗಿಸಿ ನೋಡುತ್ತದೆ. ಆರು ಕಡ್ಡಿಯೂ ಪಿಸಿಆರ್‌ನಲ್ಲಿ ಪಾಸಿಟಿವ್, ಕಾರ್ಡು ಖಾಲಿ ಬಿಟ್ಟಿದ್ದ ಆರನೆಯದು ಸೇರಿ. ಎಲೈಸಾದಲ್ಲಿ ಐದು.

ಸೀರಮ್ಮಿನ ಫಲಿತಾಂಶ ಓದುವಾಗ ಒಂದು ಎಚ್ಚರ ಬೇಕು. ಲಸಿಕೆಯಿಂದ ಬಂದ ಪ್ರತಿಕಾಯಕ್ಕೂ ಬೇನೆಯಿಂದ ಬಂದದ್ದಕ್ಕೂ ಈ ಪರೀಕ್ಷೆಗೆ ವ್ಯತ್ಯಾಸ ತಿಳಿಯದು. ಎರಡು ವರ್ಷದ ಹಿಂದೆ ಲಸಿಕೆಯಾದ ದೊಡ್ಡ ಕುರಿಗಳು ಪಾಸಿಟಿವ್ ಬಂದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಲಸಿಕೆ ಕಾಣದ, ನಾಲ್ಕು ತಿಂಗಳು ದಾಟಿದ ಮರಿಯ ಸೀರಮ್ಮಿಗೆ ಮಾತ್ರ ಅರ್ಥ ಇದೆ, ಏಕೆಂದರೆ ಅದಕ್ಕಿಂತ ಚಿಕ್ಕ ಮರಿಯಲ್ಲಿ ತಾಯಿಯ ಗಿಣ್ಣಿನಿಂದ ಬಂದ ಪ್ರತಿಕಾಯ ಉಳಿದಿರಬಹುದು.

ಎಲೆಕ್ಟ್ರಾನಿಕ್ ಸೆನ್ಸರು ಇದ್ದಿದ್ದರೆ ಎಂಬ ಪ್ರಶ್ನೆ ಬರುತ್ತದೆ. ಚಿನ್ನದ ಎಲೆಕ್ಟ್ರೋಡಿಗೆ ಪ್ರತಿಕಾಯ ಕಟ್ಟಿ, ವೈರಾಣು ಕೂತಾಗ ಬದಲಾಗುವ ವಿದ್ಯುತ್ ತಡೆಯನ್ನು ಅಳೆಯುವ ಚಿಪ್ಪುಗಳು ಪ್ರಯೋಗಾಲಯದ ಬಫರಿನಲ್ಲಿ ಕಾರ್ಡಿಗಿಂತ ಕಡಿಮೆ ವೈರಾಣುವನ್ನೂ ಹಿಡಿಯಬಲ್ಲವು. ರೊಪ್ಪಕ್ಕೆ ತಂದಾಗ ಸಿಂಬಳದ ಪ್ರೊಟೀನು, ಹಿಕ್ಕೆಯ ಧೂಳು ಎಲ್ಲವೂ ಅದೇ ಎಲೆಕ್ಟ್ರೋಡಿಗೆ ಅಂಟಿ ವೈರಾಣುವಿನಂತೆಯೇ ತಡೆ ತೋರಿಸುತ್ತವೆ. ಬೋವೈನ್ ಅಲ್ಬುಮಿನ್ ಎಂಬ ದನದ ರಕ್ತದ ಪ್ರೊಟೀನು ಸವರಿ ಖಾಲಿ ಜಾಗ ಮುಚ್ಚಿದರೂ ಪೂರ್ತಿ ನಿಲ್ಲದು. ಅದಕ್ಕಿಂತ ಮುಖ್ಯವಾಗಿ, ಕಾಯಿಲೆ ಬಿದ್ದು ಎಂಟು ದಿನವಾದ ಆಡಿನಲ್ಲಿ ಮುಳ್ಳುಗಳೇ ಮುಚ್ಚಿಹೋಗಿರುವಾಗ ಎಚ್ ಪ್ರೊಟೀನನ್ನು ಹುಡುಕುವ ಯಾವ ಸೆನ್ಸರಿಗೂ ಇದೇ ಗತಿ. ಗೆರೆಯ ಬದಲು ಅಂಕಿ ಬರುತ್ತದೆ, ಅಷ್ಟೇ. ಅಂಕಿಯನ್ನು ಜನ ಗೆರೆಗಿಂತ ಹೆಚ್ಚು ನಂಬುತ್ತಾರೆ ಎಂಬ ಅಪಾಯ ಬೇರೆ.

ಆಮೇಲೆ ಮಾಡಿದ್ದು

ಪಿಸಿಆರ್‌ಗೆ ಕಾಯಲಿಲ್ಲ. ಐದು ಗೆರೆ ಕಂಡ ಬೆಳಗ್ಗೆಯೇ ಮಂದೆಯನ್ನು ಗೋಕಟ್ಟೆಗೆ ಬಿಡುವುದು ನಿಂತಿತು. ಟ್ಯಾಂಕರಿನಿಂದ ತೊಟ್ಟಿಗೆ ನೀರು. ಮಾರಾಟಕ್ಕೆ ಮಾತಾಗಿದ್ದ 11 ಟಗರು ಸಂತೆಗೆ ಹೋಗಲಿಲ್ಲ. ಪಿಪಿಆರ್ 2009ರ ಪ್ರಾಣಿ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಪಟ್ಟಿಯಲ್ಲಿರುವುದರಿಂದ ವರದಿ ಕೊಡುವುದು ಕಡ್ಡಾಯ. ಸತ್ತವನ್ನು ಆಳು ಮುಳುಗುವಷ್ಟು ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದರು, ನಾಯಿಗಳಿಗೆ ಬಿಸಾಡಲಿಲ್ಲ. ಅನುಗ್ರಹ ಯೋಜನೆಯ ಪರಿಹಾರಕ್ಕೆ ಮರಣೋತ್ತರ ವರದಿ ಬೇಕಾಗುವುದರಿಂದ ಹೂಳುವ ಮುನ್ನ ಪ್ರತಿಯೊಂದರ ಫೋಟೊ ಮತ್ತು ಓಲೆ ಸಂಖ್ಯೆ ದಾಖಲಾಯಿತು. ಕಂದು ಹಾಕಿದ ಎರಡು ಕುರಿಗಳನ್ನು ಕೈಗವಸು ಇಲ್ಲದೆ ಯಾರೂ ಮುಟ್ಟದಂತೆ ನೋಡಿಕೊಂಡರು. ಪಿಪಿಆರ್ ಮನುಷ್ಯರಿಗೆ ಬರದು ನಿಜ, ಆದರೆ ಕಂದು ಹಾಕಿಸುವ ಬ್ರೂಸೆಲ್ಲ ಬರುತ್ತದೆ, ಹೊರಗಿನಿಂದ ನೋಡಿ ಎರಡನ್ನೂ ಬೇರ್ಪಡಿಸಲಾಗದು.

ಲಸಿಕೆ ಹೊರಗಿನಿಂದ ಒಳಕ್ಕೆ ಹೋಯಿತು. ಮೊದಲು ಬೇನೆ ಕಾಣದ ಸುತ್ತಲಿನ ಹಟ್ಟಿಗಳು, ಕೊನೆಗೆ ಈ ಮಂದೆಯ ಆರೋಗ್ಯವಂತ ಪ್ರಾಣಿಗಳು. ಸುಂಗ್ರಿ 96 ಜೀವಂತ, ಬಲ ಕುಂದಿಸಿದ ಲಸಿಕೆ: 100 ಡೋಸಿನ ಸೀಸೆಗೆ ತಣ್ಣಗಿನ 100 ಮಿ.ಲೀ. ದ್ರವ, ತಲೆಗೆ 1 ಮಿ.ಲೀ. ಚರ್ಮದಡಿ, ಕಲಸಿದ ಎರಡು ಗಂಟೆಯೊಳಗೆ ಮುಗಿಸಬೇಕು. ಕುರಿಗೊಂದು ಸೂಜಿ ಬದಲಿಸಿದರು. ಒಂದೇ ಸೂಜಿಯಲ್ಲಿ ಇಡೀ ರೊಪ್ಪ ಚುಚ್ಚಿದರೆ ಜ್ವರದ ಕುರಿಯ ರಕ್ತ ಪಕ್ಕದ ಕುರಿಗೆ ಹೋಗುತ್ತದೆ. ಒಳಗೊಳಗೇ ವೈರಾಣು ಬೆಳೆಯುತ್ತಿರುವ ಕೆಲವು ಲಸಿಕೆಯಾದ ಮೂರ್ನಾಲ್ಕು ದಿನಕ್ಕೆ ಬೀಳುತ್ತವೆ, ಅದನ್ನು ಮಾಲೀಕರಿಗೆ ಮೊದಲೇ ಹೇಳಿದ್ದರು. ಹೇಳದಿದ್ದರೆ "ಚುಚ್ಚಿದ್ದಕ್ಕೇ ಸತ್ತವು" ಎಂಬ ಮಾತು ಮುಂದಿನ ವರ್ಷ ಇಡೀ ಹೋಬಳಿಯಲ್ಲಿ ಲಸಿಕೆ ಹಾಕಲು ಬಿಡುವುದಿಲ್ಲ. ಬಿದ್ದ ಮರಿಗಳಿಗೆ ಉಪ್ಪು ಸಕ್ಕರೆ ನೀರು, ಎರಡನೇ ಸೋಂಕಿಗೆ ಆಂಟಿಬಯಾಟಿಕ್, ಬಾಯಿ ತೊಳೆಯಲು ಪೊಟ್ಯಾಸಿಯಂ ಪರ್ಮಾಂಗನೇಟಿನ ತೆಳು ಗುಲಾಬಿ ನೀರು, ಮೆತ್ತಗಿನ ಅಂಬಲಿ. ವೈರಾಣುವಿಗೆ ನೇರ ಔಷಧಿ ಇಲ್ಲ.

ಒಟ್ಟು 27 ಸತ್ತವು: 19 ಮರಿ, 7 ಆಡು, 1 ದೊಡ್ಡ ಕುರಿ. ಲಸಿಕೆಯಾದ ಕುರಿಗಳ ಸಾಲಿನಲ್ಲಿ ಒಂದೇ ಸಾವು, ಅದಕ್ಕೆ ಓಲೆಯಿರಲಿಲ್ಲ. ಲಸಿಕೆಯ ದಿನ ಅದು ಮಂದೆಯಲ್ಲಿತ್ತೋ ಇಲ್ಲವೋ ಹೇಳುವವರಿಲ್ಲ. ಕೊನೆಯ ಜ್ವರ ಕಂಡ ದಿನದಿಂದ 21 ದಿನ ಎಣಿಸಿ ಮಂದೆಯನ್ನು ಗೋಕಟ್ಟೆಗೆ ಬಿಟ್ಟರು. ಲಸಿಕೆಯ ವಯಸ್ಸಾಗದ 23 ಮರಿಗಳಿಗೆ ನಾಲ್ಕು ತಿಂಗಳು ತುಂಬುವ ತಾರೀಖುಗಳನ್ನು ಪಶು ಆಸ್ಪತ್ರೆಯ ರಿಜಿಸ್ಟರಿನಲ್ಲಿ ಬರೆದಿಡಲಾಗಿದೆ. ಜೀಪಿನ ಪೆಟ್ಟಿಗೆಯಲ್ಲಿ ಉಳಿದಿದ್ದ ಏಳು ಕಾರ್ಡುಗಳ ಮೇಲೆ ಕೆಂಪು ಶಾಯಿಯಲ್ಲಿ "ತರಬೇತಿಗೆ ಮಾತ್ರ" ಎಂದು ಬರೆದರು. ಫ್ರಿಜ್ಜಿನ ಪೆಟ್ಟಿಗೆಯಲ್ಲಿ ಉಳಿದದ್ದು ಎರಡು.